ಬದುಕಿದ್ದವಳಿಗೆ ಇಟ್ಟ ಎಡೆ

ಸೊಕ್ಕೆಯ ಉಡಚಮ್ಮನನ್ನು ಕತ್ತಲಗೆರೆಗೆ ಎರಡನೇ ಸಂಬಂಧಕ್ಕೆ ಕೊಟ್ಟಿದ್ದರು. ಗಂಡ ಮರುಳಸಿದ್ದಪ್ಪನ ಮೊದಲ ಹೆಂಡತಿ ಗೋವಿನಕೋವಿಯ ತವರಿನಲ್ಲಿ ಜ್ವರ ಬಂದು ತೀರಿಕೊಂಡಳೆಂದು ಹೇಳಿದ್ದರು. ಸತ್ತವಳ ದೃಷ್ಟಿ ತಾಗದಿರಲೆಂದು ಉಡಚಮ್ಮನ ಕೊರಳಿಗೆ ಸವತಿ ತಾಳಿಯನ್ನೂ ಹಾಕಿದರು. ಪ್ರತಿ ಮಹಾಲಯ ಅಮಾವಾಸ್ಯೆಗೆ ಅವಳು ಸೀರೆ, ಬಳೆ, ಹೋಳಿಗೆಯ ಎಡೆ ಇಟ್ಟು, "ಅಕ್ಕಾ, ನನ್ನ ಮಗಳನ್ನ ಕಾಯವ್ವ" ಎಂದು ಕೈಮುಗಿಯುತ್ತಿದ್ದಳು.

ಎಂಬತ್ತೊಂದನೇ ಇಸವಿಯಲ್ಲಿ ಎಡೆಗೆಂದು ಬಳೆ ಕೊಳ್ಳುವಾಗ ಬಳೆಗಾರ ಯಾರಿಗೆಂದು ಕೇಳಿದ. ತೀರಿಕೊಂಡ ಅಕ್ಕನ ಹೆಸರು, ಊರು ಹೇಳಿದಳು.

"ಗೋವಿನಕೋವಿ ಅಂತರಘಟ್ಟಮ್ಮನಾ? ಆಕೆ ಯಾವಾಗ ಸತ್ಲವ್ವ? ಮೊನ್ನೆ ನ್ಯಾಮತಿ ಸಂತೇಲಿ ನನ್ನ ಜೊತೆ ಜಗಳಾಡಿ ಬಳೆ ಇಡಿಸ್ಕೊಂಡ್ಲಲ್ಲ!"

ಆ ಸಂಜೆ ಮರುಳಸಿದ್ದಪ್ಪ ಮುಚ್ಚಿಡಲೂ ಇಲ್ಲ. "ಬದುಕಿದಾಳೆ. ಈಗೇನು? ಹೋಗೋದಾದ್ರೆ ಮಗು ಬಿಟ್ಟು ಹೋಗು" ಎಂದ.

ಉಡಚಮ್ಮ ಪುಟ್ಟ ಮಗಳು ಕಸ್ತೂರಿಯನ್ನು ಎತ್ತಿಕೊಂಡು ತವರಿಗೆ ಬಂದಳು. ಹಿಂದೆಯೇ ಗಂಡನ ಮಾತು ಬಂತು: "ಕೋರ್ಟಿಗೆ ಹೋದ್ರೆ ಮದುವೆನೇ ಸುಳ್ಳು ಅಂತಾರೆ. ಆಮೇಲೆ ಮಗಳು ಯಾರ ಮಗಳಾಗ್ತಾಳೆ ನೋಡ್ಕೊ." ಆ ಮಾತಿಗೆ ಹೆದರಿ ಅವಳು ಬಹಳ ದಿನ ಹೊಸಿಲು ದಾಟಲಿಲ್ಲ. ಕೊನೆಗೆ ತಾಯಿ ಹನುಮಂತಮ್ಮನೇ, "ಕೇಳಾಕೆ ಏನು ಸುಂಕ ಐತೇನೆ?" ಎಂದು ಗದರಿಸಿ ಚನ್ನಗಿರಿಯ ವಕೀಲ ನಾಗರಾಜಪ್ಪನವರ ಬಳಿಗೆ ಕರೆದೊಯ್ದಳು.

ವಕೀಲರು ಪೂರ್ತಿ ಕೇಳಿದರು. "ಮೊದಲ ಹೆಂಡ್ತಿ ಇರುವಾಗ ಕಟ್ಟಿದ ತಾಳಿ ಮದುವೆ ಅನ್ಸಲ್ಲಮ್ಮ. ಆದ್ರೆ ಮದುವೆ ಬಿದ್ದುಹೋದ್ರೂ ಮಗಳು ಬೀಳಲ್ಲ. ಕಾನೂನು ತಿದ್ದಿದ್ದಾರೆ, ಅವಳು ಅಪ್ಪನ ಮಗಳೇ. ಇಷ್ಟು ಸಣ್ಣ ಮಗೂನ ಸಾಮಾನ್ಯವಾಗಿ ತಾಯಿ ಹತ್ರಾನೇ ಬಿಡ್ತಾರೆ. ಆದ್ರೆ ಆ ಅಂತರಘಟ್ಟಮ್ಮ ಬಂದು ಸಾಕ್ಷಿ ಹೇಳ್ಬೇಕು."

ಗೋವಿನಕೋವಿಯಲ್ಲಿ ಅಂತರಘಟ್ಟಮ್ಮ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಉಡಚಮ್ಮ ಬಂದ ಕಾರಣ ಹೇಳಿದಾಗ ಮೊರ ಕೆಳಗಿಟ್ಟಳು.

"ನನಗೆ ಎಡೆ ಇಟ್ಟಾಕೆ ನೀನೇ ಏನು? ಏನೇನ್ ಇಡ್ತಿದ್ದೆ?"

"ಹೋಳಿಗೆ ಅಕ್ಕ. ಕಡ್ಲೆಬೇಳೇದು."

"ಒಂದನ್ನಾದ್ರೂ ಹೊನ್ನಾಳಿ ಬಸ್ಸಿಗೆ ಹಾಕಿ ಕಳಿಸ್ಬಾರ್ದಾಗಿತ್ತೇನೆ ತಂಗಿ!" ಎಂದು ಜೋರಾಗಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಮಕ್ಕಳಾಗಲಿಲ್ಲ ಅಂತ ಕಳಿಸ್ದ. ಕರೆಯಾಕೆ ಬರ್ತಾನೆ ಅಂತ ಇಷ್ಟು ವರ್ಷ ದಾರಿ ಕಾಯ್ತಿದ್ದೆ. ಅವನು ನೋಡಿದ್ರೆ ನನ್ನ ಕೊಂದೇ ಬಿಟ್ಟಾನೆ."

ಶಿವಮೊಗ್ಗದ ಕೋರ್ಟಿನಲ್ಲಿ ಹೆಸರು ಕೂಗಿದಾಗ ಅಂತರಘಟ್ಟಮ್ಮ ಸೆರಗು ಸರಿಮಾಡಿಕೊಂಡು ಕಟಕಟೆ ಹತ್ತಿ, "ಸತ್ತಾಕೆ ನಾನೇ ಸ್ವಾಮಿ" ಎಂದಳು.

ತೀರ್ಪು ಬರಲು ಮತ್ತೊಂದು ಬೇಸಿಗೆ ಕಳೆಯಿತು. ಮದುವೆ ರದ್ದಾಯಿತು. ಮಗು ತಾಯಿಯ ಬಳಿ ಇರಬೇಕು, ತಂದೆ ತಿಂಗಳಿಗೊಮ್ಮೆ ನೋಡಬಹುದು ಎಂದಾಯಿತು.

ಹೊರಗೆ ಬಂದಾಗ ಮರುಳಸಿದ್ದಪ್ಪ ಬೇವಿನ ಮರದ ಕೆಳಗೆ ಒಬ್ಬನೇ ನಿಂತಿದ್ದ. ಕಸ್ತೂರಿ ಅವನನ್ನೇ ನೋಡುತ್ತಿದ್ದಳು. ಉಡಚಮ್ಮನ ಹಿಡಿತ ಬಿಗಿಯಾಯಿತು. ಅವನು ಎತ್ತಿಕೊಂಡು ಓಡಿಬಿಟ್ಟರೆ? ಆದರೆ ಮಗಳನ್ನು ತನಗೆ ಕೊಟ್ಟ ತೀರ್ಪೇ ನೋಡುವ ಹಕ್ಕನ್ನು ಅವನಿಗೂ ಕೊಟ್ಟಿತ್ತು. ಒಂದನ್ನು ಒಪ್ಪಿ ಇನ್ನೊಂದನ್ನು ಒಪ್ಪದಿರುವುದು ಹೇಗೆ?

"ಹೋಗು, ಮಾತಾಡ್ಸಿ ಬಾ. ನಿಮ್ಮಪ್ಪ" ಎಂದು ಕೈ ಬಿಟ್ಟಳು.

ಅವನು ಮಗಳನ್ನು ಎತ್ತಿಕೊಂಡ. ಏನೋ ಹೇಳಿದ, ಅವಳು ತಲೆಯಾಡಿಸಿದಳು. ಕೂಗಬೇಕೆನ್ನಿಸಿದರೂ ಉಡಚಮ್ಮ ಕೂಗದೆ ನಿಂತಳು. ಅವನು ಇಳಿಸಿದ ಮೇಲೆ ಕಸ್ತೂರಿ ತಾನಾಗಿಯೇ ಓಡಿ ಬಂದು, "ಅವ್ವಾ, ಹಸಿವು" ಎಂದಳು.