ಒಂದು ಸೈಜು ದೊಡ್ಡದು

ಊರಿನಲ್ಲಿ ಟೈಲರುಗಳಿಗೇನೂ ಬರವಿರಲಿಲ್ಲ, ಆದರೆ ಕೋಟು ಮಾಸ್ತರು ಅಂತ ಇದ್ದದ್ದು ಒಬ್ಬರೇ. ಉಳಿದವರೆಲ್ಲ ಬಟ್ಟೆ ಹೊಲಿಯುವವರು, ತಾವು ಮಾತ್ರ ಮನುಷ್ಯರನ್ನು ಹೊಲಿಯುವವರು ಎಂದು ಅವರು ಮನಸಾರೆ ನಂಬಿದ್ದರು. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಅವನ ಎದೆ, ಸೊಂಟ, ಭುಜದ ಇಳಿಜಾರು ಎಲ್ಲವೂ ಅವರ ಕಣ್ಣಿನಲ್ಲಿ ಜಮೆಯಾಗಿರುತ್ತಿತ್ತು. ಟೇಪು ಹಿಡಿಯುವುದು ಬರೀ ಗಿರಾಕಿಯ ಸಮಾಧಾನಕ್ಕೆ.

ಆದರೆ ಅವರ ನಿಜವಾದ ಹೆಮ್ಮೆ ಇದ್ದದ್ದು ಕಾಜದಲ್ಲಿ. ಗುಂಡಿ ತೂರಿಸುವ ಆ ಪುಟ್ಟ ಸೀಳಿನ ಸುತ್ತ ಒತ್ತೊತ್ತಾಗಿ ಕೈಹೊಲಿಗೆ ಹಾಕಿದರೆಂದರೆ ಬೆರಳಾಡಿಸಿ ನೋಡಬೇಕು, ಹಾಗಿರುತ್ತಿತ್ತು. ಮೂಲೆಯ ಅಂಗಡಿಗೆ ಕಾಜ ಹಾಕುವ ಮಷಿನ್ನು ಬಂದಾಗ ಅವರು ಹೋಗಿ ನೋಡಿ ಬಂದು, "ಅದು ಕಾಜ ಅಲ್ಲ, ಬಟ್ಟೆಗಾದ ಗಾಯ" ಎಂದು ತೀರ್ಪು ಕೊಟ್ಟಿದ್ದರು. ಮದುವೆಯಾದಾಗಿನಿಂದ ಪಕ್ಕದಲ್ಲೇ ಕೂತು ಅಂಚು ಮಡಿಚುವ, ಗುಂಡಿ ಹಾಕುವ ಹೆಂಡತಿಗೂ ಕಾಜ ಮುಟ್ಟುವ ಅಪ್ಪಣೆ ಇರಲಿಲ್ಲ.

"ಗುಂಡಿ ನಿಂದು, ಕಾಜ ನಂದು" ಎಂದು ಅವರು ರಾಜ್ಯ ಹಂಚಿಬಿಟ್ಟಿದ್ದರು.

"ಆಗ್ಲಿ ಬಿಡಿ, ಗುಂಡಿ ಇಲ್ದೆ ನಿಮ್ಮ ಕಾಜ ಏನ್ ಮಾಡುತ್ತೋ ನೋಡೋಣ" ಎಂದು ಆಕೆಯೂ ಸುಮ್ಮನಾಗಿದ್ದಳು.

ಮೊದಲು ಕೈಕೊಟ್ಟದ್ದು ಸೂಜಿ ಒತ್ತಲು ನಡುಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿ. ಅದು ಬೆರಳಿನ ಅರ್ಧಕ್ಕೇ ನಿಂತಿತು. ಹೊಸದು ತಂದರು, ಕೆಲವು ತಿಂಗಳಲ್ಲಿ ಅದೂ ನಿಂತಿತು. "ಈಗಿನ ಜನಕ್ಕೆ ಬೆರಳೇ ಇಲ್ಲ, ಇಂಥದ್ದೇ ಮಾಡ್ತಾರೆ" ಎಂದು ಬೈದು ಮುಗಿಸಿದರು. ಆಮೇಲೆ ಉಂಗುರ. ಅದನ್ನು ಸೋಪು ಹಚ್ಚಿ ಎಳೆದು ತೆಗೆಯಬೇಕಾಯಿತು. ಕನ್ನಡಕ ಕಣತಲೆ ಒತ್ತತೊಡಗಿತು. ಎದುರಿನ ಚಪ್ಪಲಿ ಅಂಗಡಿಯವನು ಒಂದು ದಿನ ಪೆಟ್ಟಿಗೆ ಕೈಯಲ್ಲಿ ಹಿಡಿದು ತಲೆ ಕೆರೆದುಕೊಂಡ.

"ಮಾಸ್ತರೇ, ನೀವು ಮೊದಲು ತಗೋತಿದ್ದದ್ದು ಎಂಟು. ಆಮೇಲೆ ಒಂಬತ್ತಾಯ್ತು. ಈಗ ಹತ್ತೂ ಬಿಗಿ ಅಂತೀರಿ. ಈ ವಯಸ್ಸಲ್ಲಿ ಪಾದ ಬೆಳೆಯೋದು ನಾನಂತೂ ಕಂಡಿಲ್ಲಪ್ಪ."

"ಪಾದ ಯಾಕೆ ಬೆಳೆಯುತ್ತಯ್ಯಾ? ನಿಮ್ಮ ಕಂಪನಿಯವರ ಅಚ್ಚು ಕುಗ್ತಾ ಇದೆ."

ಅಂದರೆ, ಲೋಕವೆಲ್ಲ ಸದ್ದಿಲ್ಲದೆ ಚಿಕ್ಕದಾಗುತ್ತಿದೆ, ತಾವೊಬ್ಬರೇ ಸರಿಯಾದ ಅಳತೆಯಲ್ಲಿ ಉಳಿದಿದ್ದೇವೆ ಎಂಬ ನಿರ್ಧಾರಕ್ಕೆ ಮಾಸ್ತರು ಬಂದಿದ್ದರು.

ಬೇರೆ ಯಾರಾದರೂ ಆಗಿದ್ದರೆ ಅಂಗಿ ಬಿಗಿದಾಗಲಾದರೂ ಎಚ್ಚೆತ್ತುಕೊಳ್ಳುತ್ತಿದ್ದರೇನೋ. ಮಾಸ್ತರರ ಅಂಗಿ ಎಂದೂ ಬಿಗಿಯಲೇ ಇಲ್ಲ. ಒಳ್ಳೆಯ ಟೈಲರು ಮುಂದೆ ಬರಲಿರುವ ಹೊಟ್ಟೆಗೆಂದು ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾನೆ. ತಮ್ಮ ಬಟ್ಟೆಗಳಲ್ಲಂತೂ ಅವರು ಧಾರಾಳವಾಗಿಯೇ ಬಿಟ್ಟುಕೊಂಡಿದ್ದರು. ಭುಜ ಹಿಡಿದ ಹಾಗೆನಿಸಿದರೆ ಮಧ್ಯಾಹ್ನ ಗಿರಾಕಿ ಇಲ್ಲದಾಗ ಹೊಲಿಗೆ ಬಿಚ್ಚಿ, ಸಡಿಲಿಸಿ, ಇಸ್ತ್ರಿ ಎಳೆದುಬಿಡುವರು. ಕೈ ಅಷ್ಟು ಸಲೀಸಾಗಿತ್ತು, ಹಾಗಾಗಿ ತಮ್ಮ ಮೈಯ ಸುದ್ದಿ ತಮಗೇ ತಲುಪದಂತೆ ಅವರು ವರ್ಷಗಟ್ಟಲೆ ನೋಡಿಕೊಂಡರು. ದನಿ ದಪ್ಪಗಾದದ್ದನ್ನು ವಯಸ್ಸಿನ ಗತ್ತು ಎಂದುಕೊಂಡರು. ತಲೆನೋವನ್ನೂ ಬೆವರನ್ನೂ ಇಸ್ತ್ರಿಯ ಕಾವು ಎಂದುಕೊಂಡರು. ಗೊರಕೆಗೆ ಹೆಂಡತಿ ಪಕ್ಕದ ಕೋಣೆ ಸೇರಿದ್ದನ್ನು ಆಕೆಯ ಸೂಕ್ಷ್ಮ ಸ್ವಭಾವ ಎಂದುಕೊಂಡರು. ಬೆರಳ ತುದಿ ಜೋಮು ಹಿಡಿದು, ಸೂಜಿ ಜಾರಿ ಬಿದ್ದದ್ದೂ ಗೊತ್ತಾಗದೆ, ಕಾಜ ಸೊಟ್ಟಗಾದಾಗ ಮಾತ್ರ ಅದನ್ನು ಬಿಚ್ಚಿ ಮತ್ತೆ ಹಾಕಿದರು. ಆಮೇಲೆ ದಾರದವನಿಗೆ ಬೈದರು.

ದಿನಾ ನೋಡುವ ಕಣ್ಣಿಗೆ ಇದು ಕಾಣುವಂಥದ್ದಲ್ಲ. ಕಂಡದ್ದು ದೂರದೂರಿನಿಂದ ಬಹಳ ವರ್ಷಗಳ ಮೇಲೆ ಬಂದ ಅಕ್ಕನಿಗೆ. ಆಕೆ ಚೀಲ ಕೆಳಗಿಟ್ಟು, ಕತ್ತರಿ ಹಿಡಿದು ನಿಂತ ತಮ್ಮನನ್ನೇ ಕೇಳಿದಳು:

"ಇಲ್ಲಿ ನನ್ನ ತಮ್ಮ ಅಂಗಡಿ ಇಟ್ಟಿದ್ದನಲ್ಲಪ್ಪ, ಎಲ್ಲಿಗೆ ಹೋದ?"

ಮಾಸ್ತರು ತಮಾಷೆಯೆಂದು ನಕ್ಕರು. ನಗು ಕಂಡು ಗುರುತು ಹತ್ತಿದ ಅಕ್ಕ ಮಾತ್ರ ನಗಲಿಲ್ಲ.

"ನೀನೇನೋ! ನಿನ್ನ ಮುಖಾನ ಯಾರೋ ಒಂದು ಸೈಜು ದೊಡ್ಡದಾಗಿ ಹೊಲಿದುಬಿಟ್ಟಿದ್ದಾರಲ್ಲೋ!"

"ವಯಸ್ಸಾಯ್ತು ಅಕ್ಕ."

"ವಯಸ್ಸು ನಂಗೂ ಆಗಿದೆ. ನನ್ನ ಮೂಗು ಇದ್ದಷ್ಟೇ ಇದೆ."

ಗೋಡೆಯ ಮೇಲಿನ ಮದುವೆಯ ಫೋಟೋ ಇಳಿಸಿ ಆಕೆ ಅವರ ಕೆನ್ನೆಯ ಪಕ್ಕಕ್ಕೇ ಹಿಡಿದಳು. ಹೆಂಡತಿ ಹತ್ತಿರ ಬಂದು ನೋಡಿದಳು. ಹುಬ್ಬಿನ ಎಲುಬು ಮುಂದೆ ಬಂದಿತ್ತು, ಗದ್ದ ಉದ್ದವಾಗಿತ್ತು, ಹಲ್ಲುಗಳ ನಡುವೆ ಸಂದು ಬಿಟ್ಟಿತ್ತು. "ರೀ..." ಎಂದಳು, ಅಷ್ಟೇ. ಫೋಟೋ ತೆಗೆದವನದೇ ತಪ್ಪು ಎಂದು ಮಾಸ್ತರು ಹೇಳಿ ನೋಡಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಡಾಕ್ಟರಮ್ಮ ಅವರ ಮುಖಕ್ಕಿಂತ ಮೊದಲು ಕೈ ನೋಡಿದರು. ರಕ್ತ ತೆಗೆಸಿದರು, ತಲೆಯ ಸ್ಕ್ಯಾನ್ ಮಾಡಿಸಿದರು. ಆಮೇಲೆ ಕೂರಿಸಿಕೊಂಡು ಹೇಳಿದರು:

"ಮೂಗಿನ ಹಿಂದೆ, ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇರುತ್ತೆ, ಪಿಟ್ಯುಟರಿ ಅಂತ. ಮೈ ಬೆಳೆಸೋ ಹಾರ್ಮೋನು ಅಲ್ಲಿಂದಾನೇ ರಕ್ತಕ್ಕೆ ಇಳಿಯೋದು. ಕತ್ತಿನ ಥೈರಾಯ್ಡಿಗೆ, ಕಿಡ್ನಿ ಮೇಲಿನ ಗ್ರಂಥಿಗಳಿಗೆ ಎಷ್ಟು ಕೆಲಸ ಮಾಡ್ಬೇಕು ಅಂತ ಹೇಳಿಕಳ್ಸೋದೂ ಅದೇ. ರಕ್ತದಲ್ಲಿ ಹಾರ್ಮೋನು ಸಾಕಾಯ್ತು ಅಂದ್ರೆ ಆ ಸುದ್ದಿ ವಾಪಸ್ ಮೇಲಕ್ಕೆ ಹೋಗುತ್ತೆ, ಅದು ಕೈ ತಡೆಯುತ್ತೆ. ನಿಮ್ಮಲ್ಲಿ ಅಲ್ಲೊಂದು ಗಡ್ಡೆ ಆಗಿದೆ. ಕ್ಯಾನ್ಸರ್ ಅಲ್ಲ. ಆದ್ರೆ ಅದಕ್ಕೆ ಕಿವಿ ಇಲ್ಲ. ಸಾಕು ಅಂದ್ರೂ ಕೇಳಲ್ಲ, ಬೆಳಿ ಬೆಳಿ ಅಂತಾನೇ ಇದೆ."

"ಯಾವಾಗಿಂದ?"

"ಏಳೆಂಟು ವರ್ಷ ಆಗಿರ್ಬಹುದು."

ಮಾಸ್ತರಿಗೆ ಭಯಕ್ಕಿಂತ ಮೊದಲು ಅವಮಾನವಾಯಿತು. ತಮ್ಮದೇ ತಲೆಯೊಳಗೆ ಬಟಾಣಿ ಗಾತ್ರದ ಯಜಮಾನ ಕೂತು ತಮ್ಮನ್ನು ಉದ್ದಕ್ಕೂ ಅಗಲಕ್ಕೂ ಎಳೆಯುತ್ತಿದ್ದಾನೆ, ತಾವು ಹಿಂದಿನಿಂದ ಹೊಲಿಗೆ ಬಿಚ್ಚಿ ಜಾಗ ಮಾಡಿಕೊಡುತ್ತಿದ್ದೇವೆ.

"ನನ್ನನ್ನ ಒಂದು ಮಾತು ಕೇಳೋದು ಬೇಡ್ವಾ ಅದು?"

"ಯಾರನ್ನೂ ಕೇಳಲ್ಲ ಮಾಸ್ತರೇ. ನನ್ನನ್ನೂ ಕೇಳಲ್ಲ."

"ತೆಗೆದುಬಿಡಿ ಹಾಗಾದ್ರೆ."

"ಮೂಗಿನ ದಾರಿಯಿಂದ ಹೋಗಿ ಗಡ್ಡೆ ತೆಗೀತಾರೆ. ತಲೆನೋವು, ಬೆವರು, ಊತ ಎಲ್ಲ ಇಳಿಯುತ್ತೆ. ಬಿಟ್ಟರೆ ಹೃದಯಕ್ಕೆ, ಕಣ್ಣಿಗೆ ಕಷ್ಟ."

"ಕೈ? ಕೈ ಮೊದಲಿನ ಹಾಗಾಗುತ್ತಾ?"

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಮಾಂಸದ ಊತ ಇಳಿಯುತ್ತೆ. ಮಣಿಕಟ್ಟಲ್ಲಿ ನರ ಒತ್ತಿಹೋಗಿದೆ, ಜೋಮು ಎಷ್ಟು ಹೋಗುತ್ತೋ ಈಗ್ಲೇ ಹೇಳಕ್ಕಾಗಲ್ಲ. ಬೆಳೆದ ಎಲುಬು ಮಾತ್ರ ಹಿಂದಕ್ಕೆ ಹೋಗಲ್ಲ."

"ದೊಡ್ಡದಾದ್ದನ್ನ ಒಳಗೆ ಹಿಡಿದು ಹೊಲಿಯೋದು ನಮ್ಮಲ್ಲಿ ಒಂದು ಗಂಟೆ ಕೆಲಸ" ಎಂದರು ಮಾಸ್ತರು. ಜಗಳಕ್ಕೆಂದು ಶುರುಮಾಡಿದ ಮಾತು ಕೊನೆಗೆ ಬೇಡಿಕೊಂಡ ಹಾಗೆ ಕೇಳಿಸಿತು.

ಗಡ್ಡೆ ತೆಗೆದರು. ತಲೆನೋವು ಹೋಯಿತು, ಬೆವರು ಹೋಯಿತು. ಗೊರಕೆ ಎಷ್ಟು ತಗ್ಗಿತೆಂದರೆ, ಕೋಣೆಗೆ ಮರಳಿದ ಹೆಂಡತಿ ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ಎದ್ದೆದ್ದು ನೋಡುವಂತಾಯಿತು. ಎಲ್ಲರೂ ವಾಸಿಯಾಯಿತು ಎಂದರು. ವಾಸಿಯಾಗಿಯೂ ಇತ್ತು. ಅಕ್ಕ ಫೋನಿನಲ್ಲಿ, "ಈಗ ಅರ್ಧ ಸೈಜು ಇಳಿದಿದ್ದೀಯಂತೆ?" ಎಂದು ನಕ್ಕಾಗ ಮಾಸ್ತರೂ ನಕ್ಕರು.

ನಾಲ್ಕಾರು ತಿಂಗಳ ಮೇಲೆ ಹಳೆಯ ಗಿರಾಕಿ, ನಿವೃತ್ತ ಬ್ಯಾಂಕ್ ಅಧಿಕಾರಿ, ಕೋಟಿಗೆ ಬಟ್ಟೆ ತಂದುಕೊಟ್ಟರು. "ಕಾಜ ನಿಮ್ಮ ಕೈದೇ ಆಗ್ಬೇಕು ಮಾಸ್ತರೇ, ಅದಕ್ಕೇ ಇಷ್ಟು ದಿನ ಕಾದೆ." ಮಾಸ್ತರು ಕತ್ತರಿಸಿದರು, ಮಷಿನ್ನಿನಲ್ಲಿ ಜೋಡಿಸಿದರು. ಕತ್ತರಿಗೆ ದೊಡ್ಡ ಕೈಯಾದರೂ ನಡೆಯುತ್ತದೆ. ಕಾಜ ಬಂತು. ಮೊದಲು ಚಿಂದಿಯ ಮೇಲೆ ಹಾಕಿ ನೋಡಿದರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸೂಜಿ ಇದೆಯೋ ಇಲ್ಲವೋ ಎಂದು ಕಣ್ಣಿನಿಂದಲೇ ನೋಡಬೇಕಿತ್ತು. ಸೂಜಿ ನೋಡಿದರೆ ಹೊಲಿಗೆ ತಪ್ಪುತ್ತಿತ್ತು, ಹೊಲಿಗೆ ನೋಡಿದರೆ ಸೂಜಿ ಜಾರುತ್ತಿತ್ತು. ಇನ್ನೊಂದು ಹಾಕಿದರು. ಮತ್ತೊಂದು. ಚಿಂದಿ ತುಂಬ ಗಾಯಗಳಾದವು.

ಹೆಂಡತಿ ಕೈಯಲ್ಲಿದ್ದ ಗುಂಡಿಗಳನ್ನು ಪಕ್ಕಕ್ಕಿಟ್ಟಳು.

"ಕೊಡಿ ಇಲ್ಲಿ. ನೀವು ಹೇಳ್ತಾ ಹೋಗಿ, ನಾನು ಹಾಕ್ತೀನಿ."

ಮಾಸ್ತರು ಬಹಳ ಹೊತ್ತು ಕೋಟನ್ನು ಬಿಡಲಿಲ್ಲ. ಆಮೇಲೆ ಕೊಟ್ಟರು. ಆಕೆ ಕನ್ನಡಕ ಏರಿಸಿ, ಸೀಳಿನ ಅಂಚಿಗೆ ಸೂಜಿ ಊರಿ, ವಿದ್ಯಾರ್ಥಿನಿಯ ಹಾಗೆ ಅವರ ಮುಖ ನೋಡಿದಳು.

"ಹೂಂ, ಹೇಳಿ. ದಾರ ಎಷ್ಟು ಎಳೀಬೇಕು?"

"ಅದು... ಜಾಸ್ತಿ ಎಳೀಬಾರ್ದು."

"ಅಂದ್ರೆ ಎಷ್ಟು?"

"ಸಾಕು ಅನ್ನಿಸೋವರ್ಗೂ."

"ಸಾಕು ಅಂತ ಹ್ಯಾಗೆ ಗೊತ್ತಾಗುತ್ತೆ ರೀ?"

ಮಾಸ್ತರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಅದು ಬೆರಳಿಗೆ ಗೊತ್ತಾಗುತ್ತಿತ್ತು. ಬೆರಳು ಅವರಿಗೆಂದೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಹೆಂಡತಿ ಸೂಜಿ ಹಿಡಿದು ಕಾಯುತ್ತಲೇ ಇದ್ದಳು.