ದಡದಲ್ಲಿ ಮಾತ್ರ ಓಡುವ ಇಂಜಿನ್

ಹಿಂದೂಪುರದ ಆ ಇಂಜಿನ್ ಅಂಗಡಿಯವನ ನಗು ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. ಎಷ್ಟೋ ಜನರ ಮೇಲಿದ್ದ ಕೋಪ ವಯಸ್ಸಾದಂತೆ ತಾನಾಗಿಯೇ ಇಳಿದುಹೋಯಿತು. ಇದು ಇಳಿದಿಲ್ಲ. ಇಳಿಯಲಿ ಎಂದು ನಾನೂ ಬಯಸಿಲ್ಲ.

ಹಿಂದೂಪುರ ನನ್ನ ತವರು. ಮನೆಯಲ್ಲಿ ಮಗ್ಗವಿತ್ತು. ನೀರೆಂದರೆ ನಮಗೆ ನಲ್ಲಿಯಲ್ಲಿ ಬಂದಷ್ಟೇ. ಎಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ನಾನು ಬಂದದ್ದು ಕಲ್ಯಾಣದುರ್ಗದ ಆಚೆ, ಬ್ರಹ್ಮಸಮುದ್ರದ ಕಡೆಯ ಒಂದು ಹಳ್ಳಿಗೆ. ಸುತ್ತ ಎಲ್ಲಿ ನೋಡಿದರೂ ಒಣ ಹೊಲ. ಆದರೆ ಹಗರಿ ಹೊಳೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು, ಮಳೆ ಚೆನ್ನಾದ ವರ್ಷ, ನಮ್ಮೂರಿನ ಅಂಚಿಗೇ ಬಂದು ನಿಲ್ಲುತ್ತಿತ್ತು. ಆಚೆ ದಡದ ಹಳ್ಳಿಗಳಿಗೆ ರಸ್ತೆಯಲ್ಲಿ ಹೋದರೆ ಅರ್ಧ ದಿನದ ಸುತ್ತು. ನಮ್ಮ ದೋಣಿಯಲ್ಲಾದರೆ ಒಂದು ಬೀಡಿ ಸೇದಿ ಮುಗಿಸಿ ಇನ್ನೊಂದು ಹಚ್ಚುವಷ್ಟು ಹೊತ್ತು.

ದೋಣಿ ನಮ್ಮ ಮಾವನ ಕಾಲದ್ದು. ಅವರು ತೀರಿಕೊಂಡ ಮೇಲೆ ಅತ್ತೆಯೂ ಮನೆಯವರೂ ಸೇರಿ ಹುಟ್ಟು ಹಾಕಿ ನಡೆಸುತ್ತಿದ್ದರು. ಕಡಲೆಕಾಯಿ ಮೂಟೆ, ಕುರಿ, ಸಂತೆಗೆ ಹೋಗುವವರು, ಬಸ್ಸು ಹಿಡಿಯುವವರು ಎಲ್ಲರಿಗೂ ನಮ್ಮ ದೋಣಿಯೇ ದಾರಿ. ಅತ್ತೆಗೆ ಭುಜ ಹಿಡಿದುಕೊಂಡು ಕೈ ಎತ್ತಲಾಗದಂತಾದಾಗ ಇಂಜಿನ್ ಹಾಕಿಸುವ ಮಾತು ಬಂತು.

"ನಿಮ್ಮೂರಾಗೆ ಸಿಗ್ತೈತಂತೆ ಕಣೆ. ನಿಮ್ಮಪ್ಪಂಗೆ ಗೊತ್ತಿರೋ ಅಂಗಡೀನೇ ಅಂತೆ" ಎಂದರು ಮನೆಯವರು.

ನನಗೆ ಹೆಮ್ಮೆಯಾಗಿತ್ತು. ನಾವಿಬ್ಬರೂ ಹೋದಾಗ ಅಂಗಡಿಯವನು ತೆಲುಗಿನಲ್ಲಿ "ರಾ ತಲ್ಲೀ" ಎಂದು, ಮನೆಮಗಳನ್ನು ಕರೆವಂತೆ ಕರೆದು ಫ್ಯಾನಿನ ಕೆಳಗೆ ಕೂರಿಸಿದ. ಸೋಡಾ ತರಿಸಿದ. ಹಸಿರು ಬಣ್ಣ ಫಳಫಳ ಹೊಳೆಯುವ ಇಂಜಿನ್ನಿನ ಬೆನ್ನು ತಟ್ಟಿ, "ಇದು ಮೆರೈನ್ ಇಂಜಿನ್ ಕಣಪ್ಪ. ಸಮುದ್ರದಾಗೆ ಓಡ್ತೈತೆ. ನಿಮ್ಮ ಹಿನ್ನೀರು ಯಾವ ಲೆಕ್ಕ? ಏನಾನಾ ಆದ್ರೆ ಒಂದು ಮಾತು ಹೇಳಿ ಕಳ್ಸು, ನಮ್ಮ ಮೆಕ್ಯಾನಿಕ್ಕು ನಿಮ್ಮ ಮನೆ ಬಾಗ್ಲಿಗೇ ಬತ್ತಾನೆ" ಎಂದ. ನಾವು ನಂಬಿದೆವು. ತವರಿನ ಬೀದಿಯ ಮನುಷ್ಯ ಸುಳ್ಳು ಹೇಳುತ್ತಾನೆಂದು ಯಾವ ಮಗಳು ಅಂದುಕೊಳ್ಳುತ್ತಾಳೆ?

ಮೊದಲ ಕೆಲವು ದಿನ ನೀರು ಕನ್ನಡಿಯಂತಿತ್ತು, ಇಂಜಿನ್ ಓಡಿತು. ಊರಿನವರು ದಡದಲ್ಲಿ ನಿಂತು ನೋಡಿದರು. ಆಮೇಲೆ ಗಾಳಿ ಎದ್ದ ದಿನ ನಡುನೀರಿನಲ್ಲಿ ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ಮುಟ್ಟಿದರೆ ಕೈ ಸುಡುವಷ್ಟು ಕಾದಿತ್ತು. ಅಲ್ಲಿಂದ ಮುಂದೆ ಅಲೆ ಎದ್ದಾಗಲೆಲ್ಲ ಅದೇ ಕತೆ. ಆ ಕಬ್ಬಿಣದ ಭಾರ ಹೊತ್ತ ದೋಣಿಗೆ ಹುಟ್ಟು ಹಾಕುವುದು ಮೊದಲಿನಂತಲ್ಲ. ಮನೆಯವರ ಅಂಗೈ ಮತ್ತೆ ಬೊಬ್ಬೆ ಎದ್ದು ಒಡೆಯಿತು.

ಹಿಂದೂಪುರಕ್ಕೆ ಹೇಳಿ ಕಳಿಸಿದೆವು. ಯಾರೂ ಬರಲಿಲ್ಲ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ, ಕಾಲು ಊದಿಸಿಕೊಂಡು ನಾವೇ ಹೋದರೆ, ಅದೇ ನಗು. ಬಿಡಿ ಭಾಗ ಬೆಂಗಳೂರಿಂದ ಬರಬೇಕು. ಮೆಕ್ಯಾನಿಕ್ ಕ್ಯಾಂಪಿಗೆ ಹೋಗಿದ್ದಾನೆ. ನೀವು ಹಾಕುವ ಡೀಸೆಲ್ ಸರಿಯಿಲ್ಲ. ಪ್ರತಿ ಸಲವೂ ಹೊಸ ಕಾರಣ, ಪ್ರತಿ ಸಲವೂ ಸೋಡಾ. ಆ ಸೋಡಾವನ್ನು ಅವನ ಮುಖಕ್ಕೆ ಎರಚಬೇಕೆನಿಸುತ್ತಿತ್ತು.

ಕೊನೆಗೂ ಮೆಕ್ಯಾನಿಕ್ ಬಂದ. ಇಸ್ತ್ರಿ ಮಾಡಿದ ಅಂಗಿಯ ಸಣ್ಣ ವಯಸ್ಸಿನವನು. ದಡಕ್ಕೆ ಕಟ್ಟಿದ ದೋಣಿಯಲ್ಲೇ ಇಂಜಿನ್ ಚಾಲೂ ಮಾಡಿದ. ಅದು ಗಡಿಯಾರದಂತೆ ಓಡಿತು. "ನೋಡಿ, ಓಡ್ತೈತಲ್ಲ?" ಎಂದು, ರಿಪೇರಿ ಆಯಿತೆಂಬ ಕಾಗದಕ್ಕೆ ಮನೆಯವರ ಸಹಿ ಹಾಕಿಸಿಕೊಂಡು, ಮಧ್ಯಾಹ್ನದ ಬಸ್ಸಿಗೆ ಹೊರಟೇಹೋದ. ಆ ವಾರವೇ ಮತ್ತೆ ನಿಂತಿತು. ಮತ್ತೆ ಬಂದ, ದಡದಲ್ಲಿ ಓಡಿಸಿದ, ಸಹಿ ಹಾಕಿಸಿಕೊಂಡ. ನಮಗೇ ತಲೆ ಸರಿಯಿಲ್ಲವೇನೋ ಎಂಬಂತೆ ನೋಡುತ್ತಿದ್ದ.

ಹತ್ತನೇ ತರಗತಿಯ ಪರೀಕ್ಷೆಯ ದಿನ ಆಚೆ ದಡದಿಂದ ಇಬ್ಬರು ಹುಡುಗಿಯರು ನಮ್ಮ ದೋಣಿ ಹತ್ತಿದ್ದರು. ನಡುವೆ ಇಂಜಿನ್ ಕೈಕೊಟ್ಟಿತು. ಮನೆಯವರು ಉಸಿರು ಕಟ್ಟಿ ಹುಟ್ಟು ಹಾಕಿ ದಡ ಸೇರಿಸುವಷ್ಟರಲ್ಲಿ ಬಸ್ಸು ಹೋಗಿತ್ತು. ಯಾರದೋ ಸೈಕಲ್ಲಿನಲ್ಲಿ ಓಡಿದರೂ ಶಾಲೆಯವರು ಒಳಗೆ ಬಿಡಲಿಲ್ಲ. ತಿರುಗಿ ಬಂದು ನಮ್ಮ ಜಗಲಿಯ ಮೇಲೆ ಕೂತು ಅತ್ತರು. ಅವರಲ್ಲಿ ಒಬ್ಬಳಿಗೆ ಆ ಬೇಸಿಗೆಯಲ್ಲೇ ಮದುವೆ ಮಾಡಿಬಿಟ್ಟರು. ಇನ್ನೊಂದು ಸಲ ಪರೀಕ್ಷೆ ಕಟ್ಟು ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಅವತ್ತು ಅತ್ತೆ ಊಟ ಮಾಡಲಿಲ್ಲ. "ಆ ಮೆಕ್ಯಾನಿಕ್ಕು ಇನ್ನೊಂದು ಕಿತ ಬರ್ಲಿ" ಎಂದಷ್ಟೇ ಹೇಳಿದರು.

ಅವನು ಬಂದ ದಿನ ಮಧ್ಯಾಹ್ನಕ್ಕೆ ಗಾಳಿ ಎದ್ದಿತ್ತು. ಎಂದಿನಂತೆ ದಡದಲ್ಲಿ ಓಡಿಸಿ ತೋರಿಸಿ ಕಾಗದ ತೆಗೆದ. ಅತ್ತೆ ಕಾಗದ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದರು.

"ಸಹಿ ಆಮ್ಯಾಕೆ. ದೋಣಿಲಿ ಕುಂತ್ಕೊ, ಆ ದಡಕ್ಕೆ ಹೋಗಿ ಬರಾನ."

"ನನಗೆ ಈಜು ಬರಲ್ಲಮ್ಮಾ" ಎಂದ ಅವನು.

"ನನ್ ಸೊಸೆಗೂ ಬರಲ್ಲ. ಅವಳೂ ಕುಂತ್ಕಂತಾಳೆ. ನಡಿಯಪ್ಪ."

ಮೂಟೆಗಳ ಜೊತೆ ನಾವು ನಾಲ್ವರೂ ಹೊರಟೆವು. ನಡುನೀರಿಗೆ ಬಂದಾಗ ದೋಣಿ ಓಲಾಡತೊಡಗಿತು. ಇಂಜಿನ್ನಿನ ಸದ್ದು ಕರಕರ ಎಂದಿತು, ಹೊಗೆ ಕಕ್ಕಿತು, ನಿಂತಿತು. ಗಾಳಿ ನಮ್ಮನ್ನು ಮುಳುಗಿದ ಜಾಲಿ ಮರಗಳ ಕಡೆಗೆ ತಳ್ಳಿತು. ನೀರಿನ ಮೇಲೆ ಅವುಗಳ ಮುಳ್ಳಿನ ತುದಿ ಮಾತ್ರ ಕಾಣುತ್ತಿತ್ತು. ಮೆಕ್ಯಾನಿಕ್ ದೋಣಿಯ ಅಂಚು ಹಿಡಿದು ಕಣ್ಣು ಮುಚ್ಚಿದ. ನಾನು ಡಬ್ಬಿಯಲ್ಲಿ ನೀರು ತೋಡಿ ಹೊರಗೆ ಚೆಲ್ಲುತ್ತಿದ್ದೆ. ಮನೆಯವರು ಹುಟ್ಟು ಹಿಡಿದಿದ್ದರು. ಅತ್ತೆ ಮಾತ್ರ ಅವನೆದುರು ಕೂತು ಕೇಳಿದರು:

"ಈಗ ಯೋಳು. ಯಾಕೆ ನಿಂತ್ಕಂತು?"

"ಅಮ್ಮಾ, ಇದು ದೋಣಿ ಇಂಜಿನ್ನೇ ಅಲ್ಲ!" ಎಂದು ಅವನು ಕೂಗಿಕೊಂಡ. "ಬಾವಿ ಮುಂದೆ ನೆಲಕ್ಕೆ ಬಿಗಿಯೋ ಪಂಪ್‌ಸೆಟ್ ಇಂಜಿನ್ನು. ನೆಟ್ಟಗೆ ಕುಂತಿದ್ರೆ ಓಡ್ತೈತೆ. ಓಲಾಡಿದ್ರೆ ಒಳಗಿನ ಆಯಿಲ್ ಒಂದು ಕಡೆ ಸರಿದುಬಿಡ್ತೈತೆ, ಕಾದು ಹಿಡ್ಕಂಬುಡ್ತೈತೆ. ಸಾವ್ಕಾರ್ರು ಬಣ್ಣ ಹೊಡೆಸಿ ಮಾರವ್ರೆ. ನಂಗೆ ಮೊದ್ಲಿಂದ ಗೊತ್ತು. ದಡಕ್ಕೆ ಸೇರ್ಸಮ್ಮಾ, ದಂಡಂ ಪೆಡತಾ, ಕೈ ಮುಗೀತೀನಿ."

ದಡ ಸೇರಿದೆವು. ಅತ್ತೆ ಅವನಿಗೆ ಒಣ ಪಂಚೆ ಕೊಟ್ಟರು, ಮುದ್ದೆ ಬಡಿಸಿದರು. "ಇದನ್ನೇ ನಾಳೆ ನಿನ್ ಸಾವ್ಕಾರನ ಮುಂದೆ ಯೋಳು, ಸಾಕು" ಎಂದರು. ಅವನು ಆಗಲೆಂದು ತಲೆಯಾಡಿಸಿದ.

ಮರುದಿನ ಅವನನ್ನೂ ಕರೆದುಕೊಂಡು ನಾವೆಲ್ಲ ಹಿಂದೂಪುರಕ್ಕೆ ಹೋದೆವು. ಅಂಗಡಿಯಲ್ಲಿ ಪಂಪ್‌ಸೆಟ್ಟಿಗೆ ಬಂದ ರೈತರು ತುಂಬಿದ್ದರು. ಅತ್ತೆ ನಡೆದದ್ದನ್ನೆಲ್ಲ ಹೇಳಿದರು. ಅಂಗಡಿಯವನು ಮೆಕ್ಯಾನಿಕ್ ಕಡೆ ತಿರುಗಿ, "ಏನಯ್ಯಾ, ಹೌದಾ?" ಎಂದ.

ಮೆಕ್ಯಾನಿಕ್ ನೆಲ ನೋಡುತ್ತ ಹೇಳಿದ: "ಲೋಡ್ ಜಾಸ್ತಿ ಹಾಕಿದ್ರು ಸಾರ್."

ಅಂಗಡಿಯವನು ಸೋಡಾ ತರಲು ಹೇಳಿದ.

ಅಲ್ಲಿಯವರೆಗೆ ನಾನು ಆ ಅಂಗಡಿಯಲ್ಲಿ ಬಾಯಿ ಬಿಟ್ಟವಳಲ್ಲ. ಅವತ್ತು ಬಿಟ್ಟೆ. ತೆಲುಗಿನಲ್ಲೂ ಕನ್ನಡದಲ್ಲೂ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನೀನು ಮಾರಿದ್ದು ಬಣ್ಣ ಬಳಿದ ಸುಳ್ಳು, ನಡುನೀರಿನಲ್ಲಿ ನಮ್ಮನ್ನು ಸಾಯಲು ಬಿಟ್ಟೆ, ಆ ಹುಡುಗಿಯ ಓದು ನಿನ್ನಿಂದ ಹೋಯಿತು ಎಂದೆ. ಬಂದಿದ್ದ ರೈತರ ಕಡೆ ತಿರುಗಿ, "ಕೊಳ್ಳೋ ಮುಂಚೆ ಬಣ್ಣ ಕೆರೆದು ನೋಡ್ರಪ್ಪ" ಎಂದು ಕೂಗಿದೆ. ಕೆಲವರು ಎದ್ದು ಹೋದರು. ಕೆಲವರು ಹೆಂಗಸಿನ ಬಾಯಿ ಎಂದು ನಕ್ಕರು. ಅಂಗಡಿಯವನು ನಮ್ಮನ್ನು ಹೊರಗೆ ದಬ್ಬಿಸಿ ಷಟರ್ ಎಳೆಸಿದ. ಬೀದಿಯಲ್ಲಿ ನನ್ನ ತವರಿನವರು ನಿಂತಿದ್ದರು. ನನ್ನಪ್ಪ, "ಇಷ್ಟು ಗಲಾಟೆ ಬೇಕಿತ್ತೇನಮ್ಮಾ?" ಎಂದ. ಅತ್ತೆ ಅಪ್ಪನಿಗೆ, "ಬೇಕಿತ್ತು ಕಣಣ್ಣ" ಎಂದು ಹೇಳಿ ನನ್ನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದರು.

ನ್ಯಾಯ ಸಿಗಲಿಲ್ಲ. ಮನೆಯವರು ಆ ಇಂಜಿನ್ನನ್ನು ಕಿತ್ತು, ಎಲ್ಲ ನಿಜ ಹೇಳಿಯೇ ಕುಂದುರ್ಪಿ ಕಡೆಯ ಒಬ್ಬ ರೈತನಿಗೆ ಮಾರಿದರು. ಅವನ ಬಾವಿಯ ಮುಂದೆ ಅದು ಚೆನ್ನಾಗಿಯೇ ಓಡಿತಂತೆ. ಹೊಸಪೇಟೆ ಕಡೆಯ ಮೀನುಗಾರರಿಂದ ಒಂದು ಹಳೆಯ ದೋಣಿ ಇಂಜಿನ್ ತಂದೆವು. ತುಕ್ಕು ಹಿಡಿದದ್ದು, ಕಿವಿ ಕಿವುಡಾಗುವಷ್ಟು ಸದ್ದು. ಆದರೆ ಅದು ನಡುನೀರಿನಲ್ಲಿ ನಿಲ್ಲಲಿಲ್ಲ.

ಕೆಲವು ವರ್ಷಗಳ ನಂತರ ನನ್ನ ತಮ್ಮನ ಮದುವೆಯ ಊಟದ ಪಂಕ್ತಿಯಲ್ಲಿ ಆ ಅಂಗಡಿಯವನು ನನ್ನೆದುರಿಗೇ ಕೂತ. "ಏಮ್ಮಾ, ದೋಣಿ ಹೆಂಗೈತೆ?" ಎಂದು ಕೇಳಿದ. ಎಲೆ ಬಿಟ್ಟು ಏಳಹೋದೆ. ಪಕ್ಕದಲ್ಲಿದ್ದ ಅತ್ತೆ ಸೆರಗು ಹಿಡಿದು ಕೂರಿಸಿದರು.

"ನೀನ್ಯಾಕೆ ಉಪಾಸ ಎದ್ದೋಯ್ತೀಯ? ಉಣ್ಣು."

ಕೂತೆ. ಅವನ ಮುಖ ನೋಡಿಯೇ ಹೇಳಿದೆ: "ಓಡ್ತೈತೆ. ನಿಮ್ಮ ಇಂಜಿನ್ ಕಿತ್ತಾಕಿದ ಮ್ಯಾಗೆ ಚೆನ್ನಾಗಿ ಓಡ್ತೈತೆ."

ಅವನು ಗಟ್ಟಿಯಾಗಿ ನಕ್ಕ. ಪಕ್ಕದ ಎಲೆಯವರ ಕಡೆ ತಿರುಗಿ, "ಇವರು ನಮ್ಮ ಹಳೇ ಕಸ್ಟಮರ್" ಎಂದು ನನ್ನನ್ನು ಪರಿಚಯ ಮಾಡಿಸಿದ.