ಈ ಡ್ರಮ್ಮಿನಲ್ಲಿ ಜಾಗವಿಲ್ಲ

ನಮ್ಮ ಕಟ್ಟಡದಲ್ಲಿ ಹದಿನಾಲ್ಕು ಮನೆ, ಒಂದು ಲಿಫ್ಟು, ಒಂದು ಸಿಟ್ಟು. ಲಿಫ್ಟು ವಾರಕ್ಕೆರಡು ಸಲ ಕೆಡುತ್ತದೆ. ಸಿಟ್ಟು ಇವತ್ತಿನವರೆಗೆ ಒಂದು ದಿನವೂ ಕೆಟ್ಟಿಲ್ಲ. ಅದರ ಒಡತಿ ನೆಲಮಹಡಿಯ ಕಂಡಕ್ಟರಮ್ಮ.

ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದ ಹೆಂಗಸು. ಕರವಸ್ತ್ರ ಹಾಕಿ ಸೀಟು ಹಿಡಿಯುವವರ ಕರವಸ್ತ್ರವನ್ನು ಕಿಟಕಿಯಾಚೆ ಎಸೆದು ಮೂರು ಸಲ ಮೆಮೋ ತಿಂದವರು. "ಒಳಗೆ ಹೋಗ್ರೀ, ಒಳಗೆ ಬೇಕಾದಷ್ಟು ಜಾಗ ಇದೆ" ಎಂದು, ಸೊಳ್ಳೆಗೂ ಜಾಗವಿಲ್ಲದ ಬಸ್ಸಿನಲ್ಲಿ ಕೂಗಿ ಕೂಗಿ ಗಂಟಲು ತಗಡಾಗಿತ್ತು. ನಿವೃತ್ತಿಯಾದ ಮರುದಿನ ಎದ್ದು ನೋಡಿದರೆ ಗದರಲು ಉಳಿದದ್ದು ಒಬ್ಬನೇ ಪ್ರಯಾಣಿಕ, ಗಂಡ. ಅವರು ವಾಚ್ ರಿಪೇರಿಯವರು. ಕಣ್ಣಿಗೆ ಮಸೂರ ಸಿಕ್ಕಿಸಿ ಕೂತರೆ ಭೂಮಿ ನಡುಗಿದರೂ ಏಳರು. ಅಂಥವರನ್ನು ಬೈದು ಏನು ಸುಖ? ಮೂರು ತಿಂಗಳಲ್ಲಿ ಕಂಡಕ್ಟರಮ್ಮ ಅರ್ಧಕ್ಕೆ ಇಳಿದುಹೋದರು.

ಆಗ ಬಂತು ಡ್ರಮ್ಮು. ಅಡುಗೆಮನೆಯ ಕಸವನ್ನು ಗೊಬ್ಬರ ಮಾಡುವ ನೀಲಿ ಡ್ರಮ್ಮು. ಕಬ್ಬಿಣದ ಕಾಲಿನ ಮೇಲೆ ಅಡ್ಡ ಮಲಗಿರುತ್ತದೆ, ಹಿಡಿಕೆ ಹಿಡಿದು ತಿರುಗಿಸಿದರೆ ಗುಡುಗಿನಂತೆ ಉರುಳುತ್ತದೆ. ಒಳಗೆ ಎರಡು ಕೋಣೆ. ಒಂದು ತುಂಬಿದ ಮೇಲೆ ಅದರ ಬಾಗಿಲು ಹಾಕಿ ಐದು ವಾರ ಮಾಗಲು ಬಿಡಬೇಕು, ಅಷ್ಟರಲ್ಲಿ ಇನ್ನೊಂದನ್ನು ತುಂಬಬೇಕು. ಇದನ್ನು ನೋಡಿಕೊಳ್ಳಲು ಯಾರೂ ಮುಂದೆ ಬರದಿದ್ದಾಗ ಕಂಡಕ್ಟರಮ್ಮ ಎದೆಯುಬ್ಬಿಸಿ ಎದ್ದು ನಿಂತರು. ಬೆಳಿಗ್ಗೆ ಆರಕ್ಕೆ ಐದು ಸುತ್ತು, ಒಂದು ಬಕೆಟ್ ಕಸಕ್ಕೆ ಎರಡು ಹಿಡಿ ಮರದ ಹೊಟ್ಟು, ತಪ್ಪಿದವರಿಗೆ ಬೈಗುಳ. ಮುಖಕ್ಕೆ ಕಳೆ ಬಂತು. ಮಾಗುವ ಕೋಣೆಯ ಮೇಲೆ ಸ್ವತಃ ಬಣ್ಣದಲ್ಲಿ ಬರೆದರು: "ತುಂಬಿದೆ."

ಹಾಗೆ ಬರೆದ ಐದನೇ ವಾರ ಡ್ರಮ್ಮು ನಾರಿತು. ಅಂಥಿಂಥ ನಾತವಲ್ಲ, ನಾಲ್ಕನೇ ಮಹಡಿಯವರು ಕಿಟಕಿ ಮುಚ್ಚುವ ನಾತ. ಬುಧವಾರ ಲಿಫ್ಟಿನೊಳಗೆ ಸೆಕ್ರೆಟರಿಯ ನೋಟೀಸು ಅಂಟಿತು: ಭಾನುವಾರ ಹತ್ತು ಗಂಟೆಗೆ ಗುಜರಿಯವನು ಬಂದು ಡ್ರಮ್ಮು ಒಯ್ಯುತ್ತಾನೆ. ಆ ಜಾಗದಲ್ಲಿ ತಮ್ಮ ಎರಡನೇ ಕಾರು ನಿಲ್ಲಿಸುವ ಮಾತನ್ನು ಮಾತ್ರ ಅವರು ಬರೆದಿರಲಿಲ್ಲ.

ಕಂಡಕ್ಟರಮ್ಮ ನೋಟೀಸು ಓದಿದರು. ಮೈಗೆಲ್ಲ ಬೆಂಕಿ ಬಿತ್ತು. ನೇರ ಡ್ರಮ್ಮಿಗೆ ಹೋಗಿ "ತುಂಬಿದೆ" ಎಂಬ ಬಾಗಿಲು ತೆರೆದರೆ, ಮಾಗುತ್ತಿದ್ದ ಕಪ್ಪು ಗೊಬ್ಬರದ ಮೇಲೆ ಹಸಿ ಸಿಪ್ಪೆ, ಚಹಾದ ಚರಟ, ನೆನೆದ ಬ್ರೆಡ್ಡು!

"ರೀ! ಮಸೂರ ತಗೊಂಡು ಬನ್ನಿ!"

ವಾಚ್ ರಿಪೇರಿಯವರು ಬಂದರು. ಚಿಮಟದಲ್ಲಿ ಒಂದು ಸಿಪ್ಪೆ ಎತ್ತಿ, ಕೆಟ್ಟ ವಾಚಿನ ಹೊಟ್ಟೆ ನೋಡುವ ಗಾಂಭೀರ್ಯದಲ್ಲಿ ನೋಡಿ ಅಂದರು: "ಇವತ್ತಿನದು ಕಣೇ."

ಶುರುವಾಯಿತು ತಪಾಸಣೆ. ಮೊದಲು ಸಿಕ್ಕವರು ಎರಡನೇ ಮಹಡಿಯ ಟೀಚರ್. ಸೇಬಿನ ಸಿಪ್ಪೆಯನ್ನು ಒಂದೇ ಎಳೆಯಲ್ಲಿ, ಹಾವಿನಂತೆ ತೆಗೆಯುವ ಕಲೆ ಈ ಕಟ್ಟಡದಲ್ಲಿ ಅವರೊಬ್ಬರಿಗೇ ಒಲಿದಿದೆ.

"ಓದಿದವರು ನೀವು. 'ತುಂಬಿದೆ' ಅಂತ ಬರೆದದ್ದು ಕಾಣ್ಲಿಲ್ವಾ?"

"ಕಾಣ್ತು. ಆದ್ರೆ ತೆಗೆದು ನೋಡಿದ್ರೆ ಅರ್ಧ ಖಾಲಿ ಇತ್ತಲ್ಲಮ್ಮಾ! ನೀವ್ಯಾಕೆ ಸುಳ್ಳು ಬರೆದಿದ್ದೀರಿ?"

ಕಸ ಕೊಳೆತರೆ ಕುಗ್ಗುತ್ತದೆ, ತುಂಬಿದ ಕೋಣೆ ತಿಂಗಳಲ್ಲಿ ಅರ್ಧವಾಗುತ್ತದೆ. ಅದು ಮಾಗುವ ಲಕ್ಷಣ. ಆದರೆ ಈ ಹದಿನಾಲ್ಕು ಮನೆಯ ಮಹಾಜ್ಞಾನಿಗಳು ಅದನ್ನು ಹೀಗೆ ಅರ್ಥ ಮಾಡಿಕೊಂಡಿದ್ದರು: ಕಂಡಕ್ಟರಮ್ಮ ತಮಗೆ ಬೇಕಾದವರಿಗೆ ಜಾಗ ಹಿಡಿದಿಟ್ಟಿದ್ದಾರೆ! ಕರವಸ್ತ್ರ ಎಸೆದು ಮೆಮೋ ತಿಂದ ಹೆಂಗಸಿನ ಮೇಲೆ ಸೀಟು ಹಿಡಿದ ಆರೋಪ!

"ಜಾಗ ಇಲ್ಲದಾಗ ಇದೆ ಅಂದೆ, ಮೂವತ್ತೊಂದು ವರ್ಷ ನಂಬಿದ್ರಿ," ಎಂದು ಅವರು ಮೆಟ್ಟಿಲ ಬುಡದಲ್ಲಿ ನಿಂತು ನಾಲ್ಕೂ ಮಹಡಿಗೆ ಕೇಳುವಂತೆ ಗರ್ಜಿಸಿದರು. "ಜಾಗ ಇದ್ದೂ ಇಲ್ಲ ಅಂದ್ರೆ ಮಾತ್ರ ನಂಬಲ್ಲ ಅಲ್ವಾ! ಇಳೀರಿ! ಟಿಕೆಟ್ ಇಲ್ಲದೋರೆಲ್ಲ ಇಳೀರಿ!"

ಗುರುವಾರ ಕೈಗವಸು ಹಾಕಿ, ನೆಲಕ್ಕೆ ಹಳೇ ಟಾರ್ಪಾಲು ಹಾಸಿ, ಆ ಕೋಣೆಯನ್ನು ಪೂರ್ತಿ ಸುರಿದರು. ಹಸಿಯದೆಲ್ಲ ಒಂದು ಕಡೆ, ಮಾಗಿದ್ದು ಇನ್ನೊಂದು ಕಡೆ. ಮಸೂರ ಹಿಡಿದ ಗಂಡ ಪಕ್ಕದಲ್ಲಿ ಗುರುತು ಹೇಳುತ್ತ ಹೋದರು: ದಾರವಿರುವ ಚಹಾ ಚೀಲ, ಹಲ್ಲಿನ ಡಾಕ್ಟರ್ದು. ಸುಟ್ಟ ಬ್ರೆಡ್ಡು, ಹೊಸದಾಗಿ ಮದುವೆಯಾದವರದು. ಕಾಗದದಷ್ಟು ತೆಳುವಾಗುವವರೆಗೆ ಕೆರೆದ ಕಲ್ಲಂಗಡಿ ಸಿಪ್ಪೆ—

"ಇಷ್ಟು ಜಿಪುಣತನ ಯಾರದು ಅಂತ ಮಸೂರ ಇಲ್ದೇ ಹೇಳ್ತೀನಿ ಬಿಡಿ," ಎಂದರು ಕಂಡಕ್ಟರಮ್ಮ.

ಸಂಜೆಯೊಳಗೆ ಅವರವರ ಕಸ ಅವರವರ ಬಾಗಿಲಿಗೆ, ಬಕೆಟ್ಟಿನಲ್ಲಿ, ಬೈಗುಳದ ಸಮೇತ ತಲುಪಿತು. ಸೆಕ್ರೆಟರಿ ಬಾಗಿಲು ತೆರೆದು, ಯಾರೂ ಕೇಳುವ ಮೊದಲೇ, "ಕಲ್ಲಂಗಡಿ ನಮ್ಮದಲ್ಲ" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ. ಒಳಗಿಂದ ಅವರ ಹೆಂಡತಿಯ ದನಿ: "ನಮ್ಮದೇ ರೀ. ನೀವೇ ಅಲ್ವಾ, ಆ ಕಡೆ ಜಾಗ ಇದೆ, ಹಾಕಿ ಬಾ ಅಂದಿದ್ದು?"

ಮಾಗಿದ ಗೊಬ್ಬರಕ್ಕೆ ಬಡಗಿಯಿಂದ ತಂದ ಎರಡು ಚೀಲ ಒಣ ಹೊಟ್ಟು ಬೆರೆಸಿ ಮತ್ತೆ ತುಂಬಿ, ಬಾಗಿಲಿಗೆ ಬೀಗ ಜಡಿದು, ಕಂಡಕ್ಟರಮ್ಮ ಎರಡು ದಿನ ಹಗಲಿಡೀ ಡ್ರಮ್ಮಿನ ಪಕ್ಕ ಕುರ್ಚಿ ಹಾಕಿ ಕೂತರು. ಗಂಟೆಗೊಮ್ಮೆ ತಿರುಗಿಸಿದರು. ಮಂಡಿ ಊದಿತು. "ಸಾಕು ಬಾರೇ" ಎಂದ ಗಂಡನಿಗೆ, "ಇದೂ ಹೋದ್ರೆ ನಾನು ಯಾರನ್ನ ತಿರುಗಿಸ್ಲಿ, ನಿಮ್ಮನ್ನಾ?" ಎಂದರು. ದನಿ ಒಂದಿಷ್ಟು ನಡುಗಿತು. ಅದನ್ನು ಮುಚ್ಚಲು ಇನ್ನೂ ಜೋರಾಗಿ ಬೈದರು.

ಭಾನುವಾರ ಹತ್ತಕ್ಕೆ ಗುಜರಿಯವನು ತಳ್ಳುಗಾಡಿಯೊಂದಿಗೆ ಬಂದ. ಎಲ್ಲರೂ ಮೂಗಿಗೆ ಬಟ್ಟೆ ಹಿಡಿದು ಇಳಿದರು. ಬೀಗ ತೆಗೆದದ್ದೇ ಅವನು ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದ.

"ನಾತ ಎಲ್ಲಿ ಸ್ವಾಮಿ? ಮಣ್ಣಿನ ವಾಸನೆ. ನಮ್ಮನೆಯೋಳ ಗುಲಾಬಿ ಗಿಡಕ್ಕೆ ಒಂದು ಚೀಲ ಕೊಡ್ತೀರಾ?"

ಒಂದೊಂದಾಗಿ ಬಟ್ಟೆಗಳು ಮೂಗಿನಿಂದ ಇಳಿದವು. ಟೀಚರ್ ಮೊದಲು ಕೈ ಎತ್ತಿದರು, "ಡ್ರಮ್ಮು ಇರ್ಲಿ." ಸೆಕ್ರೆಟರಿಯ ಹೆಂಡತಿಯೂ ಎತ್ತಿದರು. ಸೆಕ್ರೆಟರಿ ಕೆಮ್ಮಿ, ನಗುವ ಪ್ರಯತ್ನ ಮಾಡಿ, "ಆಯ್ತಲ್ಲಮ್ಮಾ, ಗೆದ್ರಿ. ಇನ್ನಾದ್ರೂ ಸಿಟ್ಟು ಇಳಿಸಿ," ಎಂದರು.

"ಇಳಿಸೋದಾ?" ಕಂಡಕ್ಟರಮ್ಮ ಕುರ್ಚಿಯಿಂದ ಎದ್ದರು. "ಈ ವಾರ ಗೊಬ್ಬರ ಆಗಬೇಕಿತ್ತು. ನಿಮ್ಮ ಕಲ್ಲಂಗಡಿ ದೆಸೆಯಿಂದ ಇನ್ನೂ ಐದು ವಾರ ಕಾಯ್ಬೇಕು. ಇವನಿಗೆ ಒಂದು ಚೀಲ ಕೊಡೋಕೂ ನನ್ನ ಕೈಲಿ ಆಗ್ತಿಲ್ಲ! ನನ್ನ ಮಂಡಿ ಹೋಯ್ತು. ಐದು ವಾರ, ಬೆಳಿಗ್ಗೆ ಆರಕ್ಕೆ, ಐದು ಸುತ್ತು, ನೀವು."

"ನಾನಾ?"

"ಮತ್ತೆ? ನಿಮ್ಮ ಕಾರಾ?"

ಸೋಮವಾರ ಆರು ಗಂಟೆಗೆ ಡ್ರಮ್ಮು ಗುಡುಗಿತು. ಪೈಜಾಮದಲ್ಲಿದ್ದ ಸೆಕ್ರೆಟರಿ ನಾಲ್ಕನೇ ಸುತ್ತಿಗೆ ಏದುಸಿರು ಬಿಡುತ್ತ ಹಿಡಿಕೆ ಬಿಟ್ಟರು. ಕಂಡಕ್ಟರಮ್ಮ ಮಂಡಿಗೆ ಬಿಸಿನೀರಿನ ಚೀಲ ಒತ್ತಿಕೊಂಡು, ಕಿಟಕಿಯಿಂದ ಮುಖ ಹೊರಗೆ ಹಾಕಿ, ಹಬ್ಬದೂಟಕ್ಕೆ ಕೂತವರಂತೆ ಬಾಯಿ ತೆರೆದರು.